ತಲೆ ಮೇಲೆ ಲೈನ್ ಹಾದುಹೋದ ಊರುಗಳು

ಶುಕ್ರವಾರ ಊಟ ಮುಗಿಸಿ ಕೂತರೆ ನಮ್ಮವರಲ್ಲಿ ಒಂದು ಚರ್ಚೆ ಬಂದೇ ಬರುತ್ತದೆ. “ನಮ್ಮ ಕಡೆಗೆ ಸರ್ಕಾರ ಏನ್ ಮಾಡೇತ್ರಿ? ಮಾಡಿದ್ರ ನಾವ್ಯಾಕ ಇಲ್ಲಿಗೆ ಬರ್ತಿದ್ವಿ?” ಅಂತ ಒಬ್ಬರು. “ಕೋಟಿಗಟ್ಟಲೆ ಬಂದೈತಿ, ತಿಂದವರು ತಿಂದ್ರು” ಅಂತ ಇನ್ನೊಬ್ಬರು. ಎರಡು ಮಾತಲ್ಲೂ ಸತ್ಯವಿದೆ, ಆದರೆ ಪೂರ್ತಿ ಇಲ್ಲ. ಹಣ ಬಂದದ್ದೂ ನಿಜ, ನಾವು ಇಲ್ಲಿಗೆ ಬಂದದ್ದೂ ನಿಜ. ಹಾಗಾದರೆ ನಡುವೆ ಏನಾಯಿತು ಅನ್ನೋದನ್ನ ಸ್ವಲ್ಪ ಇತಿಹಾಸ ಹಿಡಿದು ನೋಡೋಣ ಅಂತ ಈ ಲೇಖನ.

ನಾನು ಇತಿಹಾಸ ಓದಿದವನಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿದವನು. ಹಾಗಾಗಿ ಯಾವ ವಿಷಯವಾದರೂ ನನಗೆ ವೈರಿಂಗ್ ತರಹವೇ ಕಾಣುತ್ತದೆ. ನಮ್ಮ ಟ್ರೇಡಿನಲ್ಲಿ ಒಂದು ಸಣ್ಣ ಪಾಠ ಇದೆ. ಊರ ಮೇಲೆ ಹೈಟೆನ್ಷನ್ ಲೈನ್ ಹಾದುಹೋದ ಮಾತ್ರಕ್ಕೆ ಆ ಊರಿಗೆ ಕರೆಂಟ್ ಬಂದಂತಲ್ಲ. ಆ ವೋಲ್ಟೇಜನ್ನು ಮನೆಗೆ, ಮೋಟಾರಿಗೆ ತಕ್ಕಷ್ಟು ಇಳಿಸಿ ಕೊಡುವ ಟಿಸಿ ಕೂರಿಸಬೇಕು. ಟಿಸಿ ಇಲ್ಲದ ಊರಿನವರು ಲೈನಿನ ಗುಂಯ್ ಸದ್ದು ಕೇಳುತ್ತಾ ಚಿಮಣಿ ಹಚ್ಚಿಕೊಂಡು ಕೂರಬೇಕಾಗುತ್ತದೆ. ಹಿಂದುಳಿದ ಊರಿಗೆ ಸರ್ಕಾರ ಕೊಡುವ ನೆರವನ್ನೂ ಹೀಗೇ ನೋಡಬೇಕು ಅಂತ ನನ್ನ ಅನಿಸಿಕೆ. ಎಷ್ಟು ಹಣ ಹಾದುಹೋಯಿತು ಅನ್ನೋದಕ್ಕಿಂತ, ಅದು ಎಲ್ಲಿ ಇಳಿಯಿತು, ಇಳಿದ ಜಾಗದಲ್ಲಿ ಏನು ತಿರುಗಿತು ಅಂತ ಕೇಳಬೇಕು.

ನಾವು ಈಗಿರುವ ಜಾಗದಿಂದಲೇ ಶುರು ಮಾಡೋಣ. ಶಮಾಲ್ ಅಂದರೆ ಉತ್ತರ. ಕತಾರ್ ದೇಶದ ಉತ್ತರದ ತುದಿ ಇದು. ರುವೈಸ್, ಅಬು ಧಲೂಫ್, ಜುಮೈಲ್, ಅರೀಶ್, ಇವೆಲ್ಲ ಸಮುದ್ರವನ್ನೇ ನಂಬಿ ಬದುಕಿದ ಊರುಗಳು. ಇನ್ನೂ ಹಿಂದೆ, 18ನೇ ಶತಮಾನದಲ್ಲಿ, ಜುಬಾರಾ ಇಲ್ಲಿನ ದೊಡ್ಡ ವ್ಯಾಪಾರದ ಪಟ್ಟಣವಾಗಿತ್ತು. 1811ರ ದಾಳಿಯಲ್ಲಿ ಸುಟ್ಟುಹೋದ ಮೇಲೆ ಅದು ಮತ್ತೆ ಹಳೆಯ ಸ್ಥಿತಿಗೆ ಬರಲೇ ಇಲ್ಲ. ನಾವು ಫೋಟೋ ತೆಗೆಸಿಕೊಳ್ಳುವ ಕೋಟೆ ಕಟ್ಟಿದ್ದು 1938ರಲ್ಲಿ. ಆ ಜಾಗ ಯುನೆಸ್ಕೋ ಪಟ್ಟಿಗೆ ಸೇರಿದ್ದು 2013ರಲ್ಲಿ.

ಈ ಊರುಗಳ ಮುಖ್ಯ ಕಸುಬು ಮುತ್ತು ತೆಗೆಯುವುದು. ಬೇಸಿಗೆಯ ನಾಲ್ಕು ತಿಂಗಳು ಗಂಡಸರೆಲ್ಲ ದೋಣಿಯಲ್ಲಿ. ಮೂಗಿಗೆ ಚಿಮಟಿಗೆ ಹಾಕಿ, ಕಾಲಿಗೆ ಕಲ್ಲು ಕಟ್ಟಿ ಮುಳುಗಿ ಚಿಪ್ಪು ಆರಿಸುವ ಕೆಲಸ. ಮುಳುಗುವವನಿಗೆ ಸಂಬಳ ಇಲ್ಲ, ಸಿಕ್ಕದ್ದರಲ್ಲಿ ಪಾಲು. ಹೋಗುವ ಮುಂಚೆ ಮನೆ ಖರ್ಚಿಗೆ ನಾಖುದಾನಿಂದ ಮುಂಗಡ ಪಡೆಯುತ್ತಿದ್ದ. ನಾಖುದಾ ವರ್ತಕನಿಂದ ಸಾಲ ಪಡೆಯುತ್ತಿದ್ದ. ವರ್ತಕ ಬೊಂಬಾಯಿ ಪೇಟೆಯ ದರ ನೋಡುತ್ತಿದ್ದ. ಮುತ್ತು ಸರಿಯಾಗಿ ಸಿಗದ ವರ್ಷ ಸಾಲ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಮುಂಗಡ ಪಡೆದು ಗುಳೆ ಹೋಗುವ ನಮ್ಮ ಕಡೆಯ ಜನಕ್ಕೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಬೊಂಬಾಯಿ ನಂಟು ಎಷ್ಟಿತ್ತೆಂದರೆ ಇಲ್ಲಿ ಓಡುತ್ತಿದ್ದ ದುಡ್ಡೇ ನಮ್ಮ ರೂಪಾಯಿ. 1959ರಲ್ಲಿ ಗಲ್ಫ್ ದೇಶಗಳಿಗಂತಲೇ ನಮ್ಮ ರಿಸರ್ವ್ ಬ್ಯಾಂಕ್ ಬೇರೆ ನೋಟು ಅಚ್ಚು ಹಾಕಿಸಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಕತಾರ್ ಅದನ್ನು ಬಿಟ್ಟಿತು. ಇವತ್ತು ರಿಯಾಲ್ ದರ ನೋಡಿ ಊರಿಗೆ ಹಣ ಕಳಿಸುವ ನಾವು ನೆನಪಿಡಬೇಕಾದ ಸಂಗತಿ ಇದು. ಒಂದು ಕಾಲಕ್ಕೆ ಇಲ್ಲಿಯವರು ರೂಪಾಯಿಯಲ್ಲಿ ಎಣಿಸುತ್ತಿದ್ದರು.

ಆಮೇಲೆ ಕಸುಬು ಬಿತ್ತು. ಜಪಾನಿನ ಮಿಕಿಮೋಟೋ ಅನ್ನುವವನು 1893ರಲ್ಲಿ ಚಿಪ್ಪಿನೊಳಗೆ ಮುತ್ತು ಬೆಳೆಸುವುದನ್ನು ಸಾಧಿಸಿದ. 1920ರ ದಶಕದಲ್ಲಿ ಆ ಸಾಕಿದ ಮುತ್ತು ಪೇಟೆ ತುಂಬಿತು. 1929ರ ಆರ್ಥಿಕ ಕುಸಿತದಲ್ಲಿ ಮುತ್ತು ಕೊಳ್ಳುವವರೇ ಇಲ್ಲದಾದರು. ಮುಳುಗುವವನ ತಪ್ಪೇನೂ ಇರಲಿಲ್ಲ. ಅವನ ಉಸಿರು ಅಷ್ಟೇ ಗಟ್ಟಿ, ಸಮುದ್ರದಲ್ಲಿ ಚಿಪ್ಪೂ ಇತ್ತು. ಎಲ್ಲೋ ದೂರದಲ್ಲಿ ಬೆಲೆ ಬಿತ್ತು, ಇಲ್ಲಿ ಒಲೆ ಆರಿತು. 1939ರ ಹೊತ್ತಿಗೆ ದುಖಾನ್‌ನಲ್ಲಿ ಎಣ್ಣೆ ಸಿಕ್ಕರೂ ಯುದ್ಧದಿಂದಾಗಿ 1942ರಲ್ಲಿ ಬಾವಿಗಳನ್ನು ಮುಚ್ಚಿದರು. ಮೊದಲ ಹಡಗು ಎಣ್ಣೆ ಹೊತ್ತು ಹೊರಟದ್ದು 1949ರ ಡಿಸೆಂಬರ್ 31ಕ್ಕೆ. ನಡುವಿನ ಆ ಹತ್ತಿಪ್ಪತ್ತು ವರ್ಷ ಇಲ್ಲಿ ಕಷ್ಟದ ಕಾಲ. ಎಷ್ಟೋ ಕುಟುಂಬಗಳು ಬಹರೇನ್ ಕಡೆಗೆ, ಸೌದಿಯ ಕರಾವಳಿ ಕಡೆಗೆ ಹೊಟ್ಟೆಪಾಡಿಗೆ ಹೋದವು. ಕತಾರಿನವರೂ ಒಂದು ಕಾಲಕ್ಕೆ ಗುಳೆ ಹೋದವರೇ.

ಎಣ್ಣೆಯ ಹಣ ಬಂದ ಮೇಲೆ ಸರ್ಕಾರ ತನ್ನ ಪ್ರಜೆಗಳ ಕೈ ಬಿಡಲಿಲ್ಲ. ಶಾಲೆ, ಆಸ್ಪತ್ರೆ, ಮನೆ ಕಟ್ಟಲು ನೆರವು, ಸಮುದ್ರದ ನೀರನ್ನು ಸಿಹಿ ಮಾಡಿ ಕೊಡುವ ಘಟಕ ಎಲ್ಲ ಬಂದವು. ಇವತ್ತಿಗೂ ಇಲ್ಲಿನ ನಾಗರಿಕರ ಮನೆಗೆ ಕರೆಂಟ್ ಬಿಲ್ಲಿಲ್ಲ, ನೀರಿನ ಬಿಲ್ಲಿಲ್ಲ. ಆದರೆ ಒಂದು ಮಾತು ಗಮನಿಸಿ. ಸರ್ಕಾರ ಕರಾವಳಿಯ ಪ್ರತಿ ಹಳ್ಳಿಯನ್ನೂ ಎತ್ತಿ ನಿಲ್ಲಿಸಲು ಹೋಗಲಿಲ್ಲ. 1970ರ ದಶಕದಲ್ಲಿ ಉತ್ತರದ ಹಳ್ಳಿಗಳಿಗೆಲ್ಲ ಸೇರಿ ಮದೀನತ್ ಅಲ್ ಶಮಾಲ್ ಅನ್ನುವ ಒಂದು ಪಟ್ಟಣ ಕಟ್ಟಿತು. ಸೌಲಭ್ಯ ಅಲ್ಲಿ, ಕೆಲಸ ದೋಹಾದಲ್ಲಿ, ದುಖಾನ್‌ನಲ್ಲಿ. ಜನ ಆ ಕಡೆಗೆ ಸರಿದರು. ಜುಮೈಲ್, ಅರೀಶ್ ಖಾಲಿಯಾದವು. ರಜೆ ದಿನ ಜುಮೈಲ್‌ಗೆ ಹೋಗಿ ಬಂದವರಿಗೆ ಗೊತ್ತು. ಮಸೀದಿಯ ಮಿನಾರ್ ನಿಂತಿದೆ, ಸುತ್ತ ಬಿದ್ದ ಗೋಡೆಗಳು, ಮುಂದೆ ಸಮುದ್ರ. ಅಲ್ಲಿದ್ದ ಜನ ಹಾಳಾಗಲಿಲ್ಲ, ಚೆನ್ನಾಗಿಯೇ ಬದುಕಿದರು. ಊರು ಮಾತ್ರ ಉಳಿಯಲಿಲ್ಲ.

ಇನ್ನೊಂದು ಸಂಗತಿ. 1971ರಲ್ಲಿ ಇದೇ ಉತ್ತರದ ಸಮುದ್ರದಡಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತು. ಹೆಸರೇ ನಾರ್ತ್ ಫೀಲ್ಡ್. ಆದರೆ ಆ ಗ್ಯಾಸ್ ದಡ ಸೇರುವುದು ರಾಸ್ ಲಫಾನ್‌ನಲ್ಲಿ, ಅದು ಅಲ್ ಖೋರ್ ಆಡಳಿತಕ್ಕೆ ಸೇರಿದ್ದು. ಅಂದರೆ ಲೈನ್ ಶಮಾಲ್‌ನ ತಲೆ ಮೇಲೆಯೇ ಹಾದುಹೋಯಿತು. ಆದರೂ ಆ ಹಣದಿಂದ ರಸ್ತೆ ಬಂತು. 2010ರ ದಶಕದಲ್ಲಿ ರುವೈಸ್ ಬಂದರು ದೊಡ್ಡದಾಯಿತು. ಮೀನಿನ ದೋಣಿ ನಿಲ್ಲುತ್ತಿದ್ದ ಕಡೆ ಸರಕಿನ ಹಡಗುಗಳೂ ಬಂದು ನಿಲ್ಲುತ್ತಿವೆ. ಟಿಸಿ ಕೂರಿಸುವುದು ಅಂದರೆ ಇದು. ತಡವಾಗಿ ಆದರೂ ಕೂರಿಸಿದರು.

“ಇವರಿಗೇನ್ರಿ, ದುಡ್ಡೈತಿ, ಜನ ಕಡಿಮಿ” ಅಂತೀರಿ. ಸರಿಯಾದ ಮಾತು. ಕತಾರಿನ ನಾಗರಿಕರು ಕೆಲವೇ ಲಕ್ಷ. ನಮ್ಮ ರಾಯಚೂರು ಜಿಲ್ಲೆಯೊಂದರಲ್ಲೇ 2011ರ ಜನಗಣತಿಯ ಪ್ರಕಾರ 19 ಲಕ್ಷಕ್ಕೂ ಹೆಚ್ಚು ಜನ. ಇಷ್ಟು ಜನರನ್ನು ಒಂದು ಹೊಸ ಪಟ್ಟಣಕ್ಕೆ ಕರೆದೊಯ್ಯಲು ಆಗದು. ನಮಗೆ ಊರು ಇದ್ದಲ್ಲೇ ನೆರವು ಬರಬೇಕು. ಅದಕ್ಕೇ ನಮ್ಮ ಕಡೆಯ ಇತಿಹಾಸವನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.

ಕರ್ನಾಟಕದಲ್ಲಿ ಕರೆಂಟಿನ ಕಥೆ 1902ರಲ್ಲಿ ಶುರುವಾಗುತ್ತದೆ. ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಮಾಡಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿತು. ಆ ಕಾಲಕ್ಕೆ ಅಷ್ಟು ದೂರ ಲೈನ್ ಎಳೆದದ್ದು ಪ್ರಪಂಚವೇ ತಿರುಗಿ ನೋಡುವಂಥ ಕೆಲಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಬಿಟ್ಟು, 1905ರಲ್ಲಿ. ನಡುವೆ ಲೈನ್ ಹಾದುಹೋದ ಹಳ್ಳಿಗಳಲ್ಲಿ ಹೆಚ್ಚಿನವು ದಶಕಗಟ್ಟಲೆ ಕತ್ತಲಲ್ಲೇ ಇದ್ದವು. ಮೊದಲ ಲೈನೇ ತಲೆ ಮೇಲೆ ಹೋದ ಲೈನು! ಆದರೂ ಮೈಸೂರು ಆ ಆದಾಯ, ಆ ಅನುಭವದಿಂದ ಮುಂದೆ ಹೆಜ್ಜೆ ಇಟ್ಟಿತು. 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಾರ್ಖಾನೆ, ಬ್ಯಾಂಕು, ಕಾಲೇಜುಗಳಿಗೆ ಅಡಿಪಾಯ ಬಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು.

ನಮ್ಮ ರಾಯಚೂರು, ಕಲಬುರಗಿ, ಬೀದರ ಆಗ ಆ ರಾಜ್ಯದಲ್ಲಿ ಇರಲಿಲ್ಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೈಕೆಳಗಿದ್ದೆವು. ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಓಟದಲ್ಲಿ ಒಬ್ಬರು ಅರ್ಧ ದಾರಿ ಹೋದ ಮೇಲೆ ಇನ್ನೊಬ್ಬರನ್ನು ಗೆರೆ ಮೇಲೆ ನಿಲ್ಲಿಸಿದ ಹಾಗಾಯಿತು.

ನಮ್ಮ ಕಡೆ ಸಂಪತ್ತಿರಲಿಲ್ಲ ಅನ್ನೋದು ಸುಳ್ಳು. ನನ್ನ ತಾಲೂಕು ಲಿಂಗಸುಗೂರು. ಅಲ್ಲೇ ಹಟ್ಟಿ ಚಿನ್ನದ ಗಣಿ ಐತಿ. ಅದರ ಕಂಪನಿ 1947ರಲ್ಲಿ ಹುಟ್ಟಿದ್ದು, ಇವತ್ತು ರಾಜ್ಯ ಸರ್ಕಾರದ್ದು. ಕೋಲಾರದ ಗಣಿ 2001ರಲ್ಲಿ ಮುಚ್ಚಿದರೂ ಹಟ್ಟಿ ಇನ್ನೂ ನಡೆಯುತ್ತಿದೆ. ಸರ್ಕಾರ ಉಳಿಸಿಕೊಂಡ ಕಸುಬಿಗೆ ಅದು ಒಳ್ಳೆಯ ಉದಾಹರಣೆ. ಇನ್ನು ಜಿಲ್ಲೆಯಲ್ಲಿ ಶಕ್ತಿನಗರ. ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕ ಸೇರಿ 1,720 ಮೆಗಾವ್ಯಾಟ್ ಸಾಮರ್ಥ್ಯ. ರಾಜ್ಯದ ಎಷ್ಟೋ ಊರುಗಳಿಗೆ ಬೆಳಕು ಕೊಟ್ಟದ್ದು ಅದು. ಒಂದು ಕಡೆ ಚಿನ್ನ, ಒಂದು ಕಡೆ ಕರೆಂಟು, ಎರಡು ಕಡೆ ಕೃಷ್ಣಾ, ತುಂಗಭದ್ರಾ. ಇಷ್ಟೆಲ್ಲ ಇದ್ದೂ ನಾವು ಯಾವ ಪಟ್ಟಿಯಲ್ಲಿದ್ದೆವು?

ಆ ಪಟ್ಟಿಯ ಹೆಸರೇ ನಂಜುಂಡಪ್ಪ ವರದಿ. ನಮ್ಮಲ್ಲಿ ಈ ಹೆಸರು ಕೇಳದವರಿಲ್ಲ, ಒಳಗೆ ಏನಿದೆ ಅಂತ ಗೊತ್ತಿರುವವರು ಕಡಿಮೆ. ಪ್ರಾದೇಶಿಕ ಅಸಮತೋಲನ ನೋಡಲು 2000ದಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಮಾಡಿತು. 2002ರ ಜೂನ್‌ನಲ್ಲಿ ವರದಿ ಬಂತು. ಈ ವರದಿಯ ದೊಡ್ಡ ಗುಣ ಅಂದರೆ ಅದು ಜಿಲ್ಲೆಗೆ ನಿಲ್ಲಲಿಲ್ಲ, ತಾಲೂಕಿಗೆ ಇಳಿಯಿತು. ಜಿಲ್ಲೆಯ ಸರಾಸರಿ ತೆಗೆದರೆ ಒಂದು ದೊಡ್ಡ ಕಾರ್ಖಾನೆ ಇಡೀ ಜಿಲ್ಲೆಯನ್ನು ಶ್ರೀಮಂತ ಅಂತ ತೋರಿಸಿಬಿಡುತ್ತದೆ. ಮನೆಯ ಮೇನ್‌ನಲ್ಲಿ ವೋಲ್ಟೇಜ್ ಸರಿ ಇದೆ ಅಂದ ಮಾತ್ರಕ್ಕೆ ಕೊನೆಯ ಕೋಣೆಯ ಪ್ಲಗ್‌ನಲ್ಲಿ ಸರಿ ಇರುತ್ತದೆ ಅಂತಲ್ಲ, ಟೆಸ್ಟರ್ ಅಲ್ಲೇ ಹಿಡಿದು ನೋಡಬೇಕು. ಸಮಿತಿ ಅದನ್ನೇ ಮಾಡಿತು. ಆಗಿದ್ದ 175 ತಾಲೂಕುಗಳನ್ನು ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ, ಬ್ಯಾಂಕು ಹೀಗೆ 35 ಸೂಚಕಗಳಿಂದ ಅಳೆಯಿತು. ರಾಜ್ಯದ ಸರಾಸರಿಯನ್ನು 1 ಅಂತ ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದವನ್ನು ಹಿಂದುಳಿದವು ಅಂತ ಕರೆಯಿತು.

ಹಾಗೆ ಸಿಕ್ಕಿದ್ದು 114 ತಾಲೂಕು. ಅದರಲ್ಲಿ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದಲ್ಲೇ. ದೇವದುರ್ಗ ಇತ್ತು, ಚಿನ್ನದ ಗಣಿ ಇಟ್ಟುಕೊಂಡ ಲಿಂಗಸುಗೂರೂ ಇತ್ತು. ದಕ್ಷಿಣದವರು ಬೇಸರ ಮಾಡಿಕೊಳ್ಳಬೇಡಿ, 114ರಲ್ಲಿ 55 ತಾಲೂಕು ದಕ್ಷಿಣ ಕರ್ನಾಟಕದವೇ. ಹಿಂದುಳಿದಿರುವುದು ನಮ್ಮೊಬ್ಬರ ಆಸ್ತಿಯಲ್ಲ.

ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಹಾಕಬೇಕು, ಅದರಲ್ಲಿ 16,000 ಕೋಟಿ ಮಾಮೂಲಿ ಬಜೆಟ್ಟಿನ ಮೇಲೆ ಹೆಚ್ಚುವರಿಯಾಗಿ ಬರಬೇಕು ಅಂತ ಸಮಿತಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ವರದಿ ಬಂದು ಐದು ವರ್ಷ ಆದ ಮೇಲೆ! ಆ ಐದು ವರ್ಷದಲ್ಲಿ ಒಂದನೇ ಕ್ಲಾಸಿನ ಹುಡುಗ ಆರನೇ ಕ್ಲಾಸಿಗೆ ಬಂದಿರುತ್ತಾನೆ. ಶುರುವಾದ ಮೇಲೂ ಬಜೆಟ್ಟಿನಲ್ಲಿ ಬರೆದದ್ದೆಲ್ಲ ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದದ್ದೆಲ್ಲ ಖರ್ಚಾಗಲಿಲ್ಲ.

ಇದರ ಜೊತೆಗೇ ಇನ್ನೊಂದು ಹೋರಾಟ ನಡೆದಿತ್ತು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಕೂಗಿದ ಮೇಲೆ 2012ರ ಕೊನೆಗೆ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿ 371-ಜೆ ಸೇರಿಸಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. ಓದಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಕಲ್ಯಾಣ ಕರ್ನಾಟಕ ಆಯಿತು. 371-ಜೆಯಿಂದ ನಮ್ಮ ಕಡೆಯ ಹುಡುಗ ಹುಡುಗಿಯರು ಡಾಕ್ಟರ್, ಎಂಜಿನಿಯರ್ ಸೀಟು ಪಡೆದದ್ದು ಕಣ್ಣಿಗೆ ಕಾಣುವ ಸತ್ಯ. ಅದನ್ನು ಇಲ್ಲ ಅನ್ನಬಾರದು.

ಈಗ ನನ್ನ ಟ್ರೇಡಿನ ಮಾತಿಗೆ ಬರುತ್ತೇನೆ. ಬಡವರ ಮನೆಗೆ ಬೆಳಕು ಕೊಡಲು 1980ರ ಹೊತ್ತಿಗೆ ಭಾಗ್ಯಜ್ಯೋತಿ ಬಂತು. ಒಂದು ಮನೆಗೆ ಒಂದು ಬಲ್ಬು, 40 ವ್ಯಾಟ್. ಎಷ್ಟೋ ಮಕ್ಕಳು ಆ ಬಲ್ಬಿನ ಕೆಳಗೆ ಓದಿದ್ದಾರೆ, ಅದಕ್ಕೆ ಕೈ ಮುಗಿಯಬೇಕು. ಆದರೆ ಆ ಬಲ್ಬು ಬೆಳಕು ಕೊಡುತ್ತದೆ, ಕೆಲಸ ಕೊಡುವುದಿಲ್ಲ. ಕೆಲಸ ಕೊಡಬೇಕಾದರೆ ಮೋಟಾರ್ ತಿರುಗಬೇಕು. ಮೋಟಾರ್ ತಿರುಗಲು ಮೂರು ಫೇಸ್ ಬೇಕು. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೂ ಮನೆಗೂ ಒಂದೇ ಫೀಡರ್ ಇತ್ತು. ಮೂರು ಫೇಸ್ ದಿನಕ್ಕೆ ಕೆಲವೇ ತಾಸು, ಅದೂ ಎಷ್ಟೋ ಸಲ ನಡುರಾತ್ರಿ. ನಮ್ಮ ಓಣಿಯ ಗಿರಣಿ ಕಾಕಾ ರಾತ್ರಿ ಎರಡಕ್ಕೆ ಗಿರಣಿ ಹಾಕುತ್ತಿದ್ದ. ಹೆಣ್ಣುಮಕ್ಕಳು ಜೋಳದ ಡಬ್ಬಿ ಹೊತ್ತುಕೊಂಡು ಆ ಹೊತ್ತಿನಲ್ಲಿ ಸಾಲು ನಿಲ್ಲುತ್ತಿದ್ದರು. ಹಗಲು ವೆಲ್ಡಿಂಗ್ ಮಾಡಬೇಕಾದವನು ಹಗಲು ಮಲಗುತ್ತಿದ್ದ. ಇಂಥ ಊರಲ್ಲಿ ಯಾರು ಅಂಗಡಿ ಹಾಕುತ್ತಾರೆ?

ಆಮೇಲೆ ನಿರಂತರ ಜ್ಯೋತಿ ಯೋಜನೆ ಬಂತು. ಪಂಪ್‌ಸೆಟ್ ಫೀಡರ್ ಬೇರೆ, ಊರಿನ ಫೀಡರ್ ಬೇರೆ. ಪೇಪರಿನಲ್ಲಿ ಇದಕ್ಕೆ ದೊಡ್ಡ ಸುದ್ದಿಯಾಗಲಿಲ್ಲ. ಆದರೆ ಫೀಡರ್ ಬೇರೆಯಾದ ಊರುಗಳಲ್ಲಿ ಗಿರಣಿ ಹಗಲು ನಡೆಯಿತು, ವೆಲ್ಡಿಂಗ್ ಅಂಗಡಿ ಬಂತು, ಜೆರಾಕ್ಸ್ ಬಂತು. ನನ್ನ ಕಣ್ಣಿಗೆ ಇದೇ ನಿಜವಾದ ಟಿಸಿ. ಯಾರಿಗೂ ಹಣ ಹಂಚಲಿಲ್ಲ, ಊರಿನಲ್ಲಿ ದುಡಿಯಲು ದಾರಿ ಮಾಡಿತು.

ಇನ್ನೊಂದು ಬಗೆಯ ನೆರವು ಉದ್ಯೋಗ ಖಾತ್ರಿ. 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಅದು ಶುರುವಾದಾಗ ರಾಯಚೂರೂ ಅದರಲ್ಲಿತ್ತು. ಆಗ ವರ್ಷಕ್ಕೆ 100 ದಿನದ ಕೂಲಿ ಇತ್ತು. ಗುಳೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ಆದರೆ ಮುಂಗಡ ಕೊಡುವವನ ಮುಂದೆ ನಿಂತಾಗ “ಬರಲ್ರಿ” ಅನ್ನುವ ಧೈರ್ಯವನ್ನು ಎಷ್ಟೋ ಮನೆಗಳಿಗೆ ಕೊಟ್ಟಿತು. ಮುತ್ತಿನ ಕಾಲದ ಮುಳುಗುಗಾರನಿಗೆ ಇಂಥದ್ದೊಂದು ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಬಗ್ಗೆಯೇ ಒಂದು ಮಾತು. ನನಗೆ ಸಿಕ್ಕ ದೊಡ್ಡ ಸರ್ಕಾರಿ ನೆರವು ಐಟಿಐ ಸರ್ಟಿಫಿಕೇಟ್. ಹತ್ತಿಪ್ಪತ್ತು ಸಾವಿರ ಸುರಿಯದೆ ಕಸುಬು ಕಲಿಸಿದರು. ಆ ಕಸುಬನ್ನು ನಾನು ಶಮಾಲ್‌ಗೆ ಹೊತ್ತು ತಂದೆ. ಇಲ್ಲಿನ ಪ್ಯಾನೆಲ್ ಬೋರ್ಡಿಗೆ ಅದು ಉಪಯೋಗವಾಗುತ್ತಿದೆ. ನನ್ನ ತಾಲೂಕಿಗೆ ಸಿಕ್ಕಿದ್ದು ತಿಂಗಳಿಗೊಮ್ಮೆ ಹೋಗುವ ಹಣ. ಅದರಲ್ಲಿ ಮನೆ ಎದ್ದಿತು, ತಂಗಿಯ ಮದುವೆಯಾಯಿತು, ಅವ್ವನ ಔಷಧಿ ನಡೆಯಿತು. ಯಾವುದೂ ಸಣ್ಣದಲ್ಲ. ಆದರೆ ಆ ಹಣ ಊರಲ್ಲಿ ಒಂದು ಮೋಟಾರನ್ನೂ ತಿರುಗಿಸಲಿಲ್ಲ. ಮನುಷ್ಯನಿಗೆ ಕೊಟ್ಟ ನೆರವನ್ನು ಮನುಷ್ಯ ಹೊತ್ತುಕೊಂಡು ಹೋಗಬಹುದು. ಊರಿಗೆ ಕೊಟ್ಟ ನೆರವು ಊರಲ್ಲೇ ಇರುತ್ತದೆ. ಎರಡೂ ಬೇಕು. ಮೊದಲನೆಯದನ್ನು ಮಾತ್ರ ಕೊಟ್ಟರೆ ಒಳ್ಳೆಯ ಜನ ಹೊರಗೆ ಹೋಗುತ್ತಾರೆ, ಜುಮೈಲ್‌ನಿಂದ ಹೋದ ಹಾಗೆ. ಎರಡನೆಯದನ್ನು ಮಾತ್ರ ಕೊಟ್ಟರೆ ಕಟ್ಟಡ ನಿಲ್ಲುತ್ತದೆ, ಒಳಗೆ ಡಾಕ್ಟರ್ ಇರುವುದಿಲ್ಲ, ಮೇಷ್ಟ್ರು ಇರುವುದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಖಾಲಿ ಹುದ್ದೆಗಳ ಕೂಗು ಇವತ್ತಿಗೂ ನಿಂತಿಲ್ಲ. ಲೈನ್‌ಮನ್ ಇಲ್ಲದ ಟಿಸಿ ಎಷ್ಟು ದಿನ ಬಾಳೀತು?

2024ರಲ್ಲಿ ರಾಜ್ಯ ಸರ್ಕಾರ ಪ್ರೊ. ಎಂ. ಗೋವಿಂದರಾವ್ ಅವರ ಸಮಿತಿ ಮಾಡಿ ತಾಲೂಕುಗಳ ಸ್ಥಿತಿಯನ್ನು ಮತ್ತೆ ಅಳೆಯಲು ಹೇಳಿತು. ಅಳೆಯುವುದು ಒಳ್ಳೆಯದೇ. ಆದರೆ ಅಳತೆ ಬೆಂಗಳೂರಿನಲ್ಲಿ ಮಾತ್ರ ಆಗಬೇಕಿಲ್ಲ, ನಾವೂ ಮಾಡಬಹುದು. ರಜೆಗೆ ಊರಿಗೆ ಹೋದಾಗ ಮೂರು ವಿಷಯ ನೋಡಿಕೊಂಡು ಬನ್ನಿ. ಹಗಲು ಮೂರು ಫೇಸ್ ಎಷ್ಟು ತಾಸು ಇರುತ್ತದೆ? ಶಾಲೆಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಮಂಜೂರಾದ ಹುದ್ದೆ ಎಷ್ಟು, ಜನ ಎಷ್ಟು? ಕಳೆದ ಐದು ವರ್ಷದಲ್ಲಿ ಊರಿನಲ್ಲಿ ಹೊಸದಾಗಿ ಯಾವ ಅಂಗಡಿ, ಯಾವ ಘಟಕ ಶುರುವಾಯಿತು? ಗ್ರಾಮಸಭೆ ಇದ್ದರೆ ಕೂತು ಕೇಳಿ. “ದುಬೈನಿಂದ ಬಂದಾನ” ಅಂತ ನಗುತ್ತಾರೆ, ನಗಲಿ. ಕತಾರ್ ಅಂತ ತಿದ್ದಿ, ಆಮೇಲೆ ಮತ್ತೆ ಕೇಳಿ.

ನನ್ನ ಒಪ್ಪಂದ ಇನ್ನೊಂದು ವರ್ಷ ಐತಿ. ಮುಗಿದ ಮೇಲೆ ಊರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಹಾಕುವ ವಿಚಾರ ಮಾಡಿದ್ದೇನೆ. ಈಗ ಮೋಟಾರ್ ಸುಟ್ಟರೆ ರೈತರು ತಾಲೂಕಿಗೆ ಹೊತ್ತುಕೊಂಡು ಹೋಗಬೇಕು, ಬೆಳೆ ಒಣಗುವ ಹೊತ್ತಿನಲ್ಲಿ ಎರಡು ಮೂರು ದಿನ ಹೋಗುತ್ತದೆ. ಸಾಲದ ಜೊತೆ ಸಬ್ಸಿಡಿ ಕೊಡುವ ಯೋಜನೆಗಳಿವೆ, ಕಾಗದಪತ್ರ ಜೋಡಿಸುತ್ತಿದ್ದೇನೆ. ನಡೆಯುತ್ತದೋ ಇಲ್ಲವೋ, ಹಗಲು ಕರೆಂಟ್ ಇದ್ದರೆ ಅರ್ಧ ಧೈರ್ಯ. 114 ತಾಲೂಕುಗಳಿಂದ ಬಂದವರು ನಮ್ಮ ವೇದಿಕೆಯಲ್ಲಿ ಎಷ್ಟೋ ಜನ ಇದ್ದೀರಿ. ನಿಮ್ಮ ಊರಿಗೆ ಬಂದದ್ದೇನು, ಉಳಿದದ್ದೇನು ಅಂತ ಮುಂದಿನ ವರ್ಷದ ಸಂಚಿಕೆಗೆ ಬರೆಯಿರಿ. ನಾಲ್ಕು ಸಾಲಾದರೂ ಸರಿ.